ರೀಲಿನ ಮೊದಲ ಚಿತ್ರ

ಹಾಲೇಶಪ್ಪ ತಮ್ಮನ ಹೆಣವನ್ನು ಪದ್ಮಾಸನ ಹಾಕಿಸಿ ಗೋಡೆಗೆ ಕೂರಿಸಿದ್ದರು. ಎರಡೂ ಕೈಯಿಂದ ಭುಜ ಒತ್ತಿ ಹಿಡಿದು, "ಬೆನ್ನಿಗೆ ಕೊಡಾಕೆ ಒಂದು ಹಲಗೆ ತರ್ರೋ, ವಾಲ್ತೈತೆ" ಎಂದು ಕೂಗಿದರು. ಯಾರೋ ಮುಂದಿನ ಸ್ಟುಡಿಯೋಗೆ ನುಗ್ಗಿ ಕೈಗೆ ಸಿಕ್ಕಿದ್ದನ್ನು ತಂದರು. ಹಲಗೆ ಒಂದಲ್ಲ, ಎರಡಿದ್ದವು. ಒಂದು ತುದಿಯಲ್ಲಿ ಬಾಗಿಲ ಕೀಲು ಹಾಕಿ ಜೋಡಿಸಿತ್ತು, ಇನ್ನೊಂದು ತುದಿಯಲ್ಲಿ ಉದ್ದನೆಯ ಬೋಲ್ಟು.

"ಇದೇನಲೇ ಇದು?"

"ಅದು ಬ್ಯಾಡ ಭಾವ" ಎಂದಳು ಮೂಲೆಯಲ್ಲಿ ಕೂತಿದ್ದ ದಾಕ್ಷಾಯಿಣಿ. "ಹಿತ್ತಲಲ್ಲಿ ಹಳೇ ಮಣೆ ಐತೆ. ಅದನ್ನ ತಗೊಳ್ರಿ."

ಗಂಡ ತೀರಿಕೊಂಡ ಮೇಲೆ ಅವಳು ಆಡಿದ ಮೊದಲ ಮಾತು ಅದು.

ಸಿದ್ದಲಿಂಗೇಶ್ ಚಳ್ಳಕೆರೆಯಲ್ಲಿ ಫೋಟೊ ಸ್ಟುಡಿಯೋ ಇಟ್ಟುಕೊಂಡಿದ್ದವನು. ಹಗಲೆಲ್ಲ ಮದುವೆ, ಸೀಮಂತ, ಪಾಸ್‌ಪೋರ್ಟ್ ಸೈಜು. ಚಂದ್ರನಿಲ್ಲದ ಸಂಜೆ ಬಂತೆಂದರೆ ಕ್ಯಾಮೆರಾ, ಸ್ಟ್ಯಾಂಡು, ಈ ಹಲಗೆಗಳನ್ನು ಹೆಗಲಿಗೇರಿಸಿಕೊಂಡು ಊರಾಚೆ ಹೋಗಿಬಿಡುತ್ತಿದ್ದ. ಆಕಾಶದ ಫೋಟೊ ಹಿಡಿಯುವ ಹುಚ್ಚು. ಗುಡ್ಡದ ಕೆಳಗಿನ ಜನ ಒಮ್ಮೆ ನಿಧಿ ಅಗೆಯಲು ಬಂದವನೆಂದು ಹಿಡಿದು ಕೂರಿಸಿಯೂ ಇದ್ದರು. ಎರಡು ವರ್ಷದ ಹಿಂದೆ ಕಿಡ್ನಿ ಕೈಕೊಟ್ಟವು. ಆಮೇಲಿನದೆಲ್ಲ ದಾವಣಗೆರೆ ಆಸ್ಪತ್ರೆ, ಬಸ್ಸು, ಮತ್ತೆ ಆಸ್ಪತ್ರೆ. ಅವನನ್ನು ಕಿಟಕಿ ಪಕ್ಕ ಕೂರಿಸಿ, ವಾಂತಿಗೆ ಕವರು ಹಿಡಿದು ದಾಕ್ಷಾಯಿಣಿ ಸವೆದು ಹೋಗಿದ್ದಳು. ಈ ದಿನವೂ ಆಸ್ಪತ್ರೆಗೆ ಹೋಗಬೇಕಾದ ದಿನವೇ. ಇನ್ನು ಬಸ್ಸು ಹಿಡಿಯಬೇಕಿಲ್ಲ ಎಂದು ಬೆಳಗ್ಗೆ ಹೊಳೆದಾಗ ಮೈಯೆಲ್ಲ ಹಗುರಾಯಿತು. ಹಾಗೆ ಹಗುರಾದದ್ದಕ್ಕೆ ನಾಚಿಕೆಯಾಗಿ, ಅಳುವೂ ಬರದೆ ಕೂತಿದ್ದಳು.

ಅತ್ತೆ ಸುಲೋಚನಮ್ಮ ಮಗನ ಮುಂದೆ ಎದೆ ಬಡಿದುಕೊಳ್ಳುತ್ತಿದ್ದರು. "ಬಾಲಚುಕ್ಕಿ ನೋಡಬ್ಯಾಡ್ವೋ, ಅದು ಮನೆಗೆ ಆಗಿಬರಲ್ಲ ಅಂದೆ. ಕೇಳಲಿಲ್ಲ ನನ್ನ ಮಗ."

"ಆಕಾಶಕ್ಕೆ ಕತ್ತು ಎತ್ಕೊಂಡೇ ಹೋದ" ಎಂದರು ಹಾಲೇಶಪ್ಪ, ಮಣೆಯನ್ನು ಬೆನ್ನಿಗೆ ಆನಿಸುತ್ತ. "ಕಟ್ಕೊಂಡೋಳನ್ನ ಯಾವತ್ತು ತಿರುಗಿ ನೋಡಿದಾನು?"

ಭಾವನವರು ತನ್ನ ಪರವಾಗಿಯೇ ಆಡಿದ ಮಾತು. ದಾಕ್ಷಾಯಿಣಿಗೂ ಹಾಗೇ ಅನ್ನಿಸಿ ಏಳು ವರ್ಷವಾಗಿತ್ತು.

*

೧೯೯೭ರ ಯುಗಾದಿ ಅಮಾವಾಸ್ಯೆ. ಜಟಿಂಗ ರಾಮೇಶ್ವರದ ಬೆಟ್ಟದ ಮೇಲೆ ಬಂಡೆಗಳು ಇನ್ನೂ ಕಾವು ಬಿಡುತ್ತಿದ್ದವು. ಪಡುವಲಲ್ಲಿ ಬೆಳಕು ಆರುವ ಮುಂಚೆಯೇ ಸಿದ್ದಲಿಂಗೇಶ್ ಹೊಸ ರೀಲು ಹಾಕಿ, "ಅಲ್ಲಿ ಕೂತ್ಕೊ, ಮೊದಲನೇದು ಹೊಡೀತೀನಿ" ಎಂದ. ಅವಳು ಸೆರಗು ಸರಿಮಾಡಿಕೊಂಡು ಕೂತಳು. ಪ್ರತಿ ಸಲವೂ ಹೀಗೇ. ಮೊದಲ ಚಿತ್ರ ಅವಳದು, ಉಳಿದವು ಆಕಾಶದವು.

ಕತ್ತಲಾದ ಮೇಲೆ ಧೂಮಕೇತು ಕಂಡಿತು, ಯಾರೋ ಸುಣ್ಣದ ಕುಂಚ ಎಳೆದಂತೆ. ಅವನು ಹಲಗೆಯ ಕೀಲನ್ನು ಧ್ರುವ ನಕ್ಷತ್ರದ ಕಡೆ ಗುರಿಯಿಟ್ಟು, ಮೇಲಿನ ಹಲಗೆಗೆ ಕ್ಯಾಮೆರಾ ಬಿಗಿದ. "ಭೂಮಿ ತಿರುಗ್ತೈತಲ್ಲ, ಚುಕ್ಕಿ ಜಾರಿ ಗೆರೆ ಆಗಿಬಿಡ್ತಾವೆ. ನಾನು ಹ್ಞೂಂ ಅನ್ನೋವಾಗೆಲ್ಲ ಬೋಲ್ಟು ಒಂಚೂರು ತಿರುವು, ಕ್ಯಾಮೆರಾನೂ ಚುಕ್ಕಿ ಹಿಂದೆ ಸರೀತೈತೆ. ಅಲುಗಾಡಿಸಬ್ಯಾಡ." ಕ್ಯಾಮೆರಾದ ಕಣ್ಣು ತೆರೆದು, ಗಡಿಯಾರಕ್ಕೆ ಟಾರ್ಚು ಹಿಡಿದು ಅವನು "ಹ್ಞೂಂ" ಎನ್ನುತ್ತಿದ್ದ, ಅವಳು ಉಸಿರು ಬಿಗಿಹಿಡಿದು ತಿರುವುತ್ತಿದ್ದಳು. ಮದುವೆಯಾದ ಮೇಲೆ ಇಬ್ಬರೂ ಕೂಡಿ ಮಾಡಿದ ಕೆಲಸ ಇದೊಂದೇ ಎನ್ನಿಸಿ ಖುಷಿಯಾಗಿತ್ತು.

ಇಳಿಯುವಾಗ ಅವಳು ಕೇಳಿದಳು. "ಪ್ರತಿ ರೀಲಿಗೂ ನನ್ನದು ಯಾಕ್ರೀ ಮೊದಲು?"

"ಲ್ಯಾಬಿನೋನಿಗೆ ಗುರುತು. ಬರೀ ಕತ್ತಲೆ ಇದ್ರೆ ಒಂದು ಫೋಟೊ ಎಲ್ಲಿ ಮುಗೀತು ಅಂತ ಗೊತ್ತಾಗಲ್ಲ, ಚುಕ್ಕಿ ನಡುವೆ ಕತ್ತರಿ ಹಾಕ್ತಾನೆ. ಮುಂದೆ ಬೆಳಕಿಂದು ಒಂದಿದ್ರೆ ಅಳತೆ ಸಿಗ್ತೈತೆ."

"ಅಂದ್ರೆ ನಾನು ಕತ್ತರಿ ಹಾಕಾಕೆ ಗುರುತು. ಒಂದು ಕಲ್ಲಿಟ್ರೂ ಆಗ್ತಿತ್ತು."

"ಕಲ್ಲಿದ್ರೂ ಆಗ್ತೈತೆ" ಎಂದ ಅವನು, ಕಾಲಡಿ ನೋಡಿಕೊಂಡು ಇಳಿಯುತ್ತ.

ಅವನು ಸುಳ್ಳು ಹೇಳಲು ಬಾರದವನು. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಮಾತು ಮುಳ್ಳಿನಂತೆ ನೆಟ್ಟುಕೊಂಡಿತು. ಮತ್ತೆ ಅವನ ಜೊತೆ ಬೆಟ್ಟ ಹತ್ತಲಿಲ್ಲ. ಅವನು ಎರಡು ಸಲ ಕರೆದ. ಆಮೇಲೆ ಕರೆಯಲಿಲ್ಲ.

*

ಮಧ್ಯಾಹ್ನ ಬಿದಿರಿನ ವಿಮಾನ ಕಟ್ಟಿ, ಭಜನೆಯವರು ಮುಂದಾಗಿ, ಅವನನ್ನು ಅದರಲ್ಲಿ ಕೂರಿಸಿ ಹೊತ್ತು ನಡೆದರು. ಶೇಂಗಾ ಮಿಲ್ಲುಗಳ ಹಿಂಡಿ ವಾಸನೆಯ ನಡುವೆ ಮೆರವಣಿಗೆ ಸಾಗಿತು. ಅವನು ಕಣ್ಣು ಮುಚ್ಚಿ ವಾಲಾಡುತ್ತ ಕೂತಿದ್ದ, ಬಸ್ಸಿನಲ್ಲಿ ಕೂರುತ್ತಿದ್ದಂತೆಯೇ. ಗುಂಡಿಯಲ್ಲಿ ಕೂರಿಸಿ, ವಿಭೂತಿ, ಪತ್ರೆ ತುಂಬಿ ಮಣ್ಣೆಳೆದರು. ದಾಕ್ಷಾಯಿಣಿಯೂ ಒಂದು ಹಿಡಿ ಹಾಕಿದಳು.

ಮನೆಗೆ ಬಂದು ಎಲ್ಲರ ಸ್ನಾನವಾಗುವ ಹೊತ್ತಿಗೆ ಬಿಸಿಲು ಇಳಿದಿತ್ತು. ಜಗಲಿಯ ಕಟ್ಟೆಗೆ ಒರಗಿದ್ದ ಅವಳ ಮುಂದೆ ಅಪರಿಚಿತನೊಬ್ಬ ಬಂದು ಕೈಮುಗಿದ. ವಯಸ್ಸು ಮೂವತ್ತೈದರ ಸುಮಾರು.

"ಅಕ್ಕಾರೇ, ನಾನು ಅಂಜಿನೇಯ. ದುರ್ಗದ ಕಲರ್ ಲ್ಯಾಬಿನೋನು. ಅಣ್ಣಾರ ರೀಲು ತೊಳೀತಿದ್ದೋನು ನಾನೇ."

"ಕೂತ್ಕೊಳ್ರಿ" ಎಂದಳು. ಏಳಲು ಶಕ್ತಿಯಿರಲಿಲ್ಲ.

"ಅಷ್ಟು ಜನದಾಗೆ ನಿಮ್ಮನ್ನ ನೋಡಿದ ಕೂಡ್ಲೇ ಗೊತ್ತಾತು. ನನ್ನನ್ನ ನೀವು ಕಂಡಿಲ್ಲ. ನಾನು ನಿಮ್ಮನ್ನ ಹತ್ತು ವರ್ಷದಿಂದ ನೋಡ್ತಾ ಇದೀನಿ. ಪ್ರತಿ ರೀಲಿಗೂ ಮೊದಲನೇದು ನೀವೇ."

"ಅದು ಕತ್ತರಿ ಗುರುತು" ಎಂದಳು. "ಅದೂ ನಿಂತು ಏಳು ವರ್ಷ ಆತು. ನಾನು ಹೋಗೋದ್ನೇ ಬಿಟ್ಟೆ."

ಅಂಜಿನೇಯ ತಬ್ಬಿಬ್ಬಾದ. "ನಿಂತಿಲ್ಲಲ್ಲ ಅಕ್ಕ. ಮೊದಲು ಬೆಟ್ಟದಾಗೆ ಇರ್ತಿದ್ರಿ, ಆಮೇಲೆ ಮನೇದು. ಬಟ್ಟೆ ಹರವೋದು, ಶೇಂಗಾ ಸುಲಿಯೋದು. ಒಂದ್ರಾಗೆ ಬರೀ ಬೆನ್ನು ಐತೆ, ನೀರು ಸೇದ್ತಾ ಇದೀರಿ. 'ಅಣ್ಣ, ಗುರುತಿಗೆ ಗೋಡೆ ಹೊಡೆದ್ರೂ ಸಾಕು' ಅಂತ ನಾನೇ ಒಂದ್ಸಲ ಅಂದೆ. 'ಸಾಕು, ಗೊತ್ತೈತೆ' ಅಂದ್ರು. ಮುಂದಿನ ರೀಲಿಗೂ ನೀವೇ ಇದ್ರಿ."

ದಾಕ್ಷಾಯಿಣಿ ಅವನ ಮುಖವನ್ನೇ ನೋಡಿದಳು.

"ಇದು ಮೇ ತಿಂಗಳಾಗೆ ಬಸ್ಸಿನಾಗೆ ಕಳಿಸಿದ್ದು. ಇಸ್ಕೊಳ್ಳಾಕೆ ಬರ್ತಾರೆ ಅಂತ ಇಟ್ಕೊಂಡಿದ್ದೆ." ಜೇಬಿನಿಂದ ತೆಳು ಕವರು ತೆಗೆದು ಕೊಟ್ಟ. "ಪ್ರಿಂಟು ಹಾಕಿಲ್ಲ, ನೆಗೆಟಿವ್ ಐತೆ, ಕಪ್ಪು ಬಿಳುಪು ಉಲ್ಟಾ ಕಾಣ್ತೈತೆ. ಅಂಚು ಹಿಡ್ಕೊಂಡು ಬೆಳಕಿಗೆ ನೋಡ್ರಿ."

ಮೇ ತಿಂಗಳು ಅವಳಿಗೆ ನೆನಪಿತ್ತು. ಆಸ್ಪತ್ರೆಯಿಂದ ಬಂದು ನೆಲದ ಮೇಲೆ ಹಾಗೇ ನಿದ್ದೆ ಹೋಗಿದ್ದಳು. ಎದ್ದಾಗ ಅವನಿರಲಿಲ್ಲ. ಹೊಸ ಬಾಲಚುಕ್ಕಿ ಬಂದಿದೆಯೆಂದು ಆಟೊ ಮಾಡಿಕೊಂಡು ತಳಕು ಊರಿನಾಚೆ ಹೋಗಿದ್ದ. ಬಂದಮೇಲೆ ಬಾಯಿಗೆ ಬಂದಂತೆ ಬೈದಿದ್ದಳು. "ಸಾಯೋದಿದ್ರೆ ಅಲ್ಲೇ ಸಾಯ್ರಿ, ನನ್ನ ಕೈಲಾಗಲ್ಲ" ಎಂದಿದ್ದಳು. ಅವನು ಚಪ್ಪಲಿ ಬಿಟ್ಟು, ಸುಮ್ಮನೆ ಬಂದು ಮಲಗಿದ್ದ.

ಒಳಗಿನಿಂದ ಸುಲೋಚನಮ್ಮ ಕರೆದರು. "ದಾಕ್ಷಾಯಿಣಿ, ಒಂದು ತುತ್ತು ಉಣ್ಣು ಬಾರವ್ವ."

"ಬಂದೆ ಅತ್ತೆ" ಎಂದಳು. ಏಳಲಿಲ್ಲ. ಪಟ್ಟಿಯ ಅಂಚು ಹಿಡಿದು ಪಡುವಲ ಬೆಳಕಿಗೆ ಎತ್ತಿದಳು.

ಉದ್ದಕ್ಕೂ ಕಿತ್ತಳೆ ಬಣ್ಣದ ಬರಿದು ಆಕಾಶ, ಅದರಲ್ಲಿ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕಿಗಳು. ಅವಕ್ಕೂ ಮೊದಲಿನ ಚೌಕದಲ್ಲಿ ಒಬ್ಬ ಹೆಂಗಸು, ತಲೆಯೆಲ್ಲ ಬೆಳ್ಳಗೆ, ಮುಖ ಕಪ್ಪಗೆ, ಮೊಣಕೈಯನ್ನೇ ದಿಂಬು ಮಾಡಿಕೊಂಡು ನೆಲದ ಮೇಲೆ ಮಲಗಿದ್ದಳು. ಅವಳ ನಿದ್ದೆ ಕೆಡಬಾರದೆಂದು ದೂರದಿಂದಲೇ ತೆಗೆದಿದ್ದ ಚಿತ್ರ; ಅಂಚಿನಲ್ಲಿ ಹೊಸ್ತಿಲು ಅರ್ಧ ಕಾಣುತ್ತಿತ್ತು.