ಲುತೋಮಿಯಾ ಸಾಕಿದ ಕೆಂಪು

ಲುತೋಮಿಯಾ ನಡೆಯುವಾಗ ಬಲಗೈ ಬೀಸುತ್ತಿರಲಿಲ್ಲ. ಅದು ಸದಾ ಎದೆಯ ಮೇಲೆ, ಮಾಸಿದ ಹಸಿರು ಕೋಟಿನ ಒಳಜೇಬಿನಲ್ಲಿದ್ದ ಸೀಸೆಯನ್ನು ಕಾಯುತ್ತಿತ್ತು. ನಮ್ಮೂರು ಕಕಮೆಗಾದ ಜುಲೈ ಚಳಿಯಲ್ಲಂತೂ ಉಣ್ಣುವಾಗಲೂ ಆ ಕೋಟು ಬಿಚ್ಚಿದ್ದನ್ನು ನಾನು ಕಾಣೆ. ಸೀಸೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮಣ್ಣುಹುಳುಗಳು, ಅವುಗಳ ಕರುಳಿನಲ್ಲಿ ಇನ್ನೂ ಸೂಕ್ಷ್ಮವಾದ ಬ್ಯಾಕ್ಟೀರಿಯಾ. ಗೆಣಸು ಕೊರೆಯುವ ಕೀಟದೊಳಕ್ಕೆ ಹುಳು ಹೊಗುತ್ತದೆ. ಬ್ಯಾಕ್ಟೀರಿಯಾ ಆ ಕೀಟವನ್ನು ಕೊಂದು, ಇಟ್ಟಿಗೆಯಂತೆ ಕೆಂಪಾಗಿಸಿ, ಹುಳುವಿಗೆ ಉಣಬಡಿಸುತ್ತದೆ.

"ಇದು ಸಂಸಾರ ಕಣಯ್ಯ, ಯಾರು ಯಾರನ್ನ ಸಾಕ್ತಾರೆ ಅಂತ ಕೇಳಬಾರದು" ಎನ್ನುತ್ತಿದ್ದರು ಲುತೋಮಿಯಾ.

ಅವರು ಈ ಹುಳು ಸಾಕುತ್ತಿದ್ದ ಕೃಷಿ ಸಂಶೋಧನಾ ಕೇಂದ್ರದಲ್ಲೇ ನಾನು ಬೀಜದ ಉಗ್ರಾಣ ನೋಡಿಕೊಳ್ಳುವವನು. ಹತ್ತೊಂಬತ್ತು ವರ್ಷದ ಹಿಂದೆ ಊರಿನ ಗೆಣಸೆಲ್ಲ ಹುಳುಕಾದಾಗ ಅವರ ಹೆಂಡತಿ ಖಸಂದಿಯ ಪಾತಿಯೊಂದೇ ಉಳಿದಿತ್ತು. ಆ ಮಣ್ಣಿನಲ್ಲೇ ಹುಳು-ಬ್ಯಾಕ್ಟೀರಿಯಾದ ಈ ಜೋಡಿ ಸಿಕ್ಕಿದ್ದು; ಬೇರೆಲ್ಲಿ ಹುಡುಕಿದರೂ ಸಿಗಲಿಲ್ಲ. ಮಧ್ಯಾಹ್ನ ಬುತ್ತಿ ತರುತ್ತಿದ್ದ ಖಸಂದಿ ಬಾಗಿಲಲ್ಲೇ ಕೇಳುತ್ತಿದ್ದಳು: "ಹುಳಕ್ಕೆ ಊಟ ಆಯ್ತಾ? ಆಗಿದ್ರೆ ನೀವೂ ಕೂತ್ಕೊಳ್ಳಿ."

ಅವಳು ತೀರಿಹೋದಳು. ನಮ್ಮ ಪದ್ಧತಿಯಂತೆ, ಮಣ್ಣು ಮಾಡಿ, ತಲೆ ಬೋಳಿಸುವ ದಿನದವರೆಗೆ ಗಂಡ ಮನೆ ಬಿಟ್ಟು ಕದಲುವಂತಿಲ್ಲ. ಕೋಟಿನದನ್ನೂ ಸೇರಿಸಿ ಸೀಸೆಗಳನ್ನೆಲ್ಲ ಪ್ರಯೋಗಾಲಯದ ಹುಡುಗಿ ಇಂಬುಕಾಳ ಕೈಗಿತ್ತು ಹೋದರು. ಬೋಳುತಲೆಯಲ್ಲಿ ಮರಳಿದಾಗ ಹುಳುಗಳೆಲ್ಲ ಸತ್ತಿದ್ದವು. ಇಂಬುಕಾ ಅಕ್ಕರೆಯಿಂದಲೇ ಅವನ್ನು ಫ್ರಿಜ್ಜಿನಲ್ಲಿಟ್ಟಿದ್ದಳು. ಬೆಚ್ಚನೆ ಮಣ್ಣಿನ ಹುಳು, ಫ್ರಿಜ್ಜಿನ ತಂಪು ತಡೆಯಲಿಲ್ಲ.

"ಹಾಲು ಕೆಡಬಾರದು ಅಂತ ಇಡ್ತೀವಲ್ಲ ಅಜ್ಜಾ, ಹಾಗೇ ಇಟ್ಟೆ" ಎಂದು ಅತ್ತಳು.

"ನಿನ್ನ ತಪ್ಪಲ್ಲಮ್ಮ. ಬೆಚ್ಚಗಿಡು ಅಂತ ಹೇಳಬೇಕಾದೋನು ನಾನು. ಅವತ್ತು ನನಗದು ನೆನಪೇ ಆಗಲಿಲ್ಲ."

ಗಾಜಿನ ತಟ್ಟೆಯೊಂದರಲ್ಲಿ ಬ್ಯಾಕ್ಟೀರಿಯಾ ಮಾತ್ರ ಉಳಿದಿತ್ತು. ಹುಳುವಿಲ್ಲದೆ ಅದು ಬೆಳೆಯಿತು, ಆದರೆ ಎರಡು ತಿಂಗಳಲ್ಲಿ ಕೆಂಪು ಕಳೆದುಕೊಂಡು ಬೂದಿಬಣ್ಣಕ್ಕಿಳಿಯಿತು. ಪರವೂರಿನಿಂದ ತರಿಸಿದ ಹುಳುಗಳು ಅದನ್ನು ಒಲ್ಲೆವೆಂದವು. ಉಳಿದ ದಾರಿ ಒಂದೇ, ಆ ಹುಳು ಇನ್ನೂ ಇರಬಹುದಾದ ಖಸಂದಿಯ ಪಾತಿಯ ಮಣ್ಣು. ಆದರೆ ನಮ್ಮಲ್ಲಿ ಹೂಳುವುದು ಮನೆಯ ಹಿತ್ತಲಿನಲ್ಲಿ; ಅವಳನ್ನು ಹೂತಿದ್ದು ಆ ಪಾತಿಯಲ್ಲೇ.

ಹೊಸ ಗೋರಿಯ ಮಗ್ಗುಲಿನ ಮಣ್ಣು ಮುಟ್ಟುವವರು ಮಾಟಗಾರರು ಮಾತ್ರ. ಇದು ಗೊತ್ತಿದ್ದೂ ಹೋದೆವು. ಲುತೋಮಿಯಾ ಮಂಡಿಯೂರಿ ಡಬ್ಬಿ ತುಂಬುತ್ತಿದ್ದಾಗ ಅವರ ತಮ್ಮನ ಹೆಂಡತಿ ಮುಹೊಂಜಾ ಬಂದು ನಿಂತಳು.

"ಭಾವಾ, ನಾಳೆ ಯಾರ ಮನೇಲಿ ಮಗುಗೆ ಜ್ವರ ಬಂದ್ರೂ ನಿಮ್ಮ ಹೆಸರೇ ಹೇಳ್ತಾರೆ. ಹೇಳ್ಲಿ ಬಿಡಿ, ನೀವು ಗಂಡಸು. ಅಕ್ಕನ ಹೆಸರು ಯಾಕೆ ಕೆಡಿಸ್ತೀರಿ? ಸತ್ತ ಮೇಲೆ ಮಾಟಕ್ಕೆ ಮಣ್ಣು ಕೊಟ್ಟೋಳು ಅನ್ನಿಸ್ಕೋಬೇಕಾ?"

ನನಗೆ ರೇಗಿತು. ಒಂದು ಹಿಡಿ ಮಣ್ಣಿಗಾಗಿ ಹತ್ತೊಂಬತ್ತು ವರ್ಷದ ದುಡಿಮೆ ಬಿಡಬೇಕೇ! "ತಗೊಂಡು ನಡೀರಿ" ಎಂದೆ.  ಅವರು ಡಬ್ಬಿಯ ಮಣ್ಣನ್ನು ಹಿಂದಕ್ಕೆ ಸುರಿದು, ಅಂಗೈಯಿಂದ ತಟ್ಟಿ ಸಮ ಮಾಡಿದರು.

ಈಗಲೂ ಪ್ರತಿ ಸೋಮವಾರ ಆ ಬೂದಿಬಣ್ಣದ ಬ್ಯಾಕ್ಟೀರಿಯಾವನ್ನು ಹೊಸ ಆಹಾರವಿರುವ ತಟ್ಟೆಗೆ ದಾಟಿಸುತ್ತಾರೆ. ಯಾಕೆ ಎಂದು ಒಮ್ಮೆ ಕೇಳಿಬಿಟ್ಟೆ.

"ಜೊತೆ ಇಲ್ದಿದ್ರೂ ಇದು ಸಾಯೋದಿಲ್ಲ ಕಣಯ್ಯ. ಯಾವ ಕೆಲಸಕ್ಕೂ ಬರೋದಿಲ್ಲ, ಅಷ್ಟೇ. ಹಾಗಂತ ಉಪವಾಸ ಕೆಡವೋಕಾಗುತ್ತಾ?"

ಫಲವಿಲ್ಲವೆಂದು ತಿಳಿದೂ ಕೈಬಿಡದ ಇಂಥವರನ್ನು ಲೋಕ ಮರುಳರೆನ್ನುತ್ತದೆ, ನಾನೂ ಅಂದವನೇ. ಆದರೆ ನಾವು ಯಾವ ಕೆಲಸಕ್ಕೂ ಬಾರದ ದಿನ ಬಂದಾಗ, ಬಾಗಿಲು ತೆರೆದು ಒಳಗೆ ಬರುವವರು ಇಂಥವರು ಮಾತ್ರ.