ಹೊರಗೋಡೆಗೆ ಹೊಸ ಅಂಗಿ

ಅಫಜಲಪುರದಿಂದ ಚೌಡಾಪುರಕ್ಕೆ ಹೋಗುವ ರಸ್ತೆಗುಂಟ ಇದ್ದ ಹಳೆಯ ಮಣ್ಣಿನ ಮನೆಗಳು ಎಂಬತ್ತರ ಇಸವಿಯ ಆಚೆಗೆ ಒಂದೊಂದಾಗಿ ಸಿಮೆಂಟಿನ ಅಂಗಿ ತೊಡತೊಡಗಿದವು. ದೌಲತರಾಯರ ಮನೆ ಮೊದಲು ತೊಟ್ಟಿತು. ಅಂದಿನಿಂದ ಪಕ್ಕದ ಮನೆಯ ತೊಗರಿ ವ್ಯಾಪಾರಿ ಹಣಮಂತರಾಯರಿಗೆ ತಮ್ಮ ಮನೆ ಬರಿಮೈಯಲ್ಲಿ ಬೀದಿಗೆ ನಿಂತಂತೆ ಕಾಣತೊಡಗಿತು.

ಎರಡು ವರ್ಷ ತಡೆದುಕೊಂಡು, ಕಡೆಗೆ ಗೌಂಡಿ ಕರೀಮಸಾಬನನ್ನು ಕರೆಸಿದರು. ಅವನು ಗೋಡೆಯನ್ನು ಗೇಣಿನಲ್ಲಿ ಅಳೆದು ಹೇಳಿದ: "ಹಳೇದು ಕೆರದು ಸಿಮೆಂಟ್ ಗಿಲಾವು ಮಾಡಾಕ ಎರಡು ಸಾವಿರದ ನಾಕನೂರು ಆಗ್ತದ್ರಿ ಸಾವಕಾರ್ರ. ಮಣ್ಣು ಮೆತ್ತಿದ್ರ ಮಣ್ಣು, ಹೊಟ್ಟು ಸೇರಿ ನೂರರಾಗ ಮುಗೀತದ. ಕೈ ಮಾತ್ರ ನಿಮ್ಮವೇ."

"ಸಿಮೆಂಟೇ ಆಗ್ಲಿ. ರೊಕ್ಕ ಮನ್ಯಾಗ ಅದಾವ."

ಆ ರೊಕ್ಕ ಹೆಂಡತಿ ಕಸ್ತೂರಿಬಾಯಿಯದು. ಇನ್ನೊಂದು ಎಮ್ಮೆ ತರಬೇಕೆಂದು ನಾಲ್ಕು ವರ್ಷ ಹಾಲು ಮಾರಿ ಕೂಡಿಸಿದ್ದು. ಬಾಗಿಲಲ್ಲಿ ನಿಂತಿದ್ದ ಅವಳು ಗಂಡನ ದನಿಯನ್ನು ಮೂಗಿನಲ್ಲಿ ಅಣಕಿಸಿ, "ರೊಕ್ಕ ಮನ್ಯಾಗ ಅದಾವ" ಎಂದು ನೀರಿನ ಹಂಡೆಗೆ ಹೇಳಿದಳು. ಕರೀಮಸಾಬ ನಗು ನುಂಗಲು ಬೀಡಿ ಹಚ್ಚಿದ.

"ಎಮ್ಮಿ ಹಾಲು ಕೊಡ್ತದ. ಗ್ವಾಡಿ ಏನು ಕೊಡ್ತದ್ರಿ?"

"ಮರ್ಯಾದಿ ಕೊಡ್ತದ ಬೇ."

"ದಿನಾ ಎಷ್ಟು ಸೇರು?"

ಹಣಮಂತರಾಯರು ಗೌಂಡಿಯ ಕಡೆ ನೋಡಿದರು. ಅವನು ಬೀಡಿಯ ಕಡೆ ನೋಡಿದ.

"ಕರೀಮಣ್ಣಾ, ಖರೇ ಹೇಳು. ಮಣ್ಣಿನ ಗ್ವಾಡಿ ಸಿಮೆಂಟ್ ಹಿಡೀತದೇನು?" ಎಂದು ಕಸ್ತೂರಿಬಾಯಿ ಕೇಳಿದಳು.

"ಹಿಡೀತದ್ರಿ ಅಕ್ಕಾ." ಅವನು ಬೀಡಿಯ ಬೂದಿ ಉದುರಿಸಿದ. "ಎರಡು ಮಳಿಗಾಲ."

ಅವಳು ಮತ್ತೇನೂ ಕೇಳದೆ ದೌಲತರಾಯರ ಮನೆಯತ್ತ ನಡೆದಳು. ಗಂಡ ಹಿಂದೆಯೇ ಬಂದರು. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಮಾಡುವಂತೆ ಬೆರಳು ಮಡಚಿ, ಕಿವಿ ಕೊಟ್ಟು, ಆ ಸಿಮೆಂಟಿನ ಗೋಡೆಯನ್ನು ಬಡಿದಳು. ಎದೆಮಟ್ಟದಲ್ಲಿ ಗಟ್ಟಿ ಸದ್ದು. ಮೊಣಕಾಲಿನ ಮಟ್ಟದಲ್ಲಿ ಡಬ್ಬ, ಡಬ್ಬ ಎಂಬ ಟೊಳ್ಳು ಸದ್ದು.

ಒಳಗಿನಿಂದ ದೌಲತರಾಯರ ಹೆಂಡತಿ ಸುಮಿತ್ರಾಬಾಯಿ ಕೂಗಿದಳು: "ಯಾರ್ರಿ ಅದು? ಬಾಗಿಲಾ ಈ ಕಡಿ ಅದ."

ಹಣಮಂತರಾಯರೂ ಬಡಿದರು. ಒಳಗಿನ ಮಣ್ಣು ತೇವಕ್ಕೆ ಸರಿದು, ಸಿಮೆಂಟ್ ಒಂಟಿಯಾಗಿ ನಿಂತಿತ್ತು. ಅವರು ಮೆಲ್ಲಗೆ ಕೈ ಹಿಂದೆಗೆದುಕೊಂಡರು, ಇನ್ನೊಂದು ಸಲ ಬಡಿದರೆ ಗೋಡೆ ಬಿದ್ದೀತೆಂಬಂತೆ.

"ಮಣ್ಣೇ ಮೆತ್ತೂಣು," ಎಂದರು ಮನೆಗೆ ಬಂದು.

ಎಮ್ಮೆಯ ರೊಕ್ಕ ಉಳಿಯಿತು. ಆದರೂ ಕಸ್ತೂರಿಬಾಯಿಗೆ ಹಿಗ್ಗು ಬರಲಿಲ್ಲ. ಮಣ್ಣಿನ ಗೋಡೆಗೆ ಪ್ರತಿ ವರ್ಷ ಮಳೆಗೆ ಮೊದಲು ಮತ್ತೆ ಮೆತ್ತಬೇಕು. ಕೆಸರು ತುಳಿಯುವುದು ಗಂಡಸರ ಕೆಲಸ, ಮೆತ್ತುವುದು ಹೆಂಗಸರದು. ಅವಳು ಹದಿನೆಂಟು ವರ್ಷ ಮೆತ್ತಿದ್ದಳು. ಕರೀಮಸಾಬ ಹೇಳಿದ ನೂರು ರೂಪಾಯಿಯಲ್ಲಿ ಆ ತೋಳುಗಳ ಲೆಕ್ಕ ಇರಲಿಲ್ಲ. ಈಗ ಬಲಗೈ ತಲೆಗಿಂತ ಮೇಲೆ ಏಳುತ್ತಿರಲಿಲ್ಲ.

"ಕೆಳಗಿನ ಅರ್ಧ ನಂದು. ಮ್ಯಾಲಿನ ಅರ್ಧ ನಿಮ್ಮದು."

"ನಾ ಮೆತ್ತಬೇಕಾ? ಓಣಿ ಮಂದಿ ನಗ್ತಾರ."

"ನಗ್ಲಿ ಬಿಡ್ರಿ. ಅದಕ್ಕ ರೊಕ್ಕ ಬೀಳಂಗಿಲ್ಲ."

ಮರುದಿನ ಹಣಮಂತರಾಯರು ಧೋತರ ಎತ್ತಿ ಕಟ್ಟಿ ಏಣಿ ಹತ್ತಿದರು. ಓಣಿ ನಕ್ಕಿತು. ಅವರು ಗೋಡೆಗೆ ಮುಖ ಮಾಡಿಯೇ ಇದ್ದರು. ಮಧ್ಯಾಹ್ನ ಭುಜ ಹಿಡಿದುಕೊಂಡು ಇಳಿದು, ಕೆಸರುಗೈಯಲ್ಲೇ ಕಟ್ಟೆಯ ಮೇಲೆ ಕೂತರು.

"ಪ್ರತಿ ವರ್ಷ ಇಷ್ಟನ್ನೂ ನೀ ಒಬ್ಬಾಕೇ ಮೆತ್ತತಿದ್ದೇನು?"

"ಇಷ್ಟ ಅಲ್ರಿ," ಎಂದಳು ಕಸ್ತೂರಿಬಾಯಿ, ನೀರಿನ ತಂಬಿಗೆ ಮುಂದಿಡುತ್ತ. "ಹಿಂದಿನ ಗ್ವಾಡಿ ನೀವಿನ್ನೂ ನೋಡಿಲ್ಲ."