ಮೈ ತುಂಬಿದವಳು

"ಆ ಕೈ ಸ್ವಲ್ಪ ಎತ್ತಮ್ಮಾ, ತೋಳು ಸಿಕ್ಕಾಕ್ಕೊಂಡಿದೆ."

ಸತ್ತವಳ ಕೆಲಸದ ಜೊತೆಗಾರ್ತಿ ಹೆಣದ ಕೈಯನ್ನು ಎತ್ತಿ ಹಿಡಿದಳು. ನಾದಿನಿ ತಾನು ಹೆಣೆದು ತಂದಿದ್ದ ಸ್ವೆಟರನ್ನು ಕೆಳಗೆಳೆದಳು. ಹೊಟ್ಟೆಯ ಹತ್ತಿರ ಅದು ಬಿಗಿದು ನಿಂತಿತು. ಭುಜದಲ್ಲಿ ಮಾತ್ರ ಜೋತುಬಿತ್ತು. ಒಂದೇ ಬಟ್ಟೆ ಒಂದೇ ಮೈಗೆ ಚಿಕ್ಕದೂ ಆಯಿತು, ದೊಡ್ಡದೂ ಆಯಿತು.

"ನಾನು ಹಿಂದಿನ ಸಲ ಬಂದಾಗ ಅತ್ತಿಗೆ ಮೈಕೈ ತುಂಬ್ಕೊಂಡು ಎಷ್ಟು ಚೆನ್ನಾಗಿದ್ರು," ಎಂದಳು ನಾದಿನಿ. "ಯಾರ ಕಣ್ಣು ಬಿತ್ತೋ."

"ಅದು ನೀರು ಕಣಮ್ಮ," ಎಂದಳು ಜೊತೆಗಾರ್ತಿ. " ಲಿವರ್ ಕೆಟ್ಟು ಹೊಟ್ಟೇಲಿ ನೀರು ತುಂಬಿತ್ತು. ಆಸ್ಪತ್ರೆಗೆ ಸೇರ್ಸೋ ಹೊತ್ತಿಗೆ ಕೈ ಮೀರಿತ್ತು."

ಸತ್ತವಳು ಊರಾಚೆಯ ಡೇರಿಯಲ್ಲಿ ಎಳೆಗರುಗಳಿಗೆ ಹಾಲು ಕುಡಿಸುವವಳು. ಜೊತೆಗಾರ್ತಿಯೂ ಅವಳೂ ಒಂದೇ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಬಕೆಟ್ ಹೊತ್ತವರು. ಸತ್ತವಳ ಗಂಡ ಧಾನ್ಯದ ಗೋದಾಮಿನಲ್ಲಿ ಮೂಟೆ ತೂಗುವವನು, ಊರಿಗೆಲ್ಲ ತೂಕದಣ್ಣ. ಈಗ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕುಳಿತು, ಬಂದವರಿಗೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದ.

"ಅವಳಿಗೆ ಗೊತ್ತಿತ್ತು ಅಂತೀರಾ?"

"ಗೊತ್ತಿದ್ರೆ ಹೇಳ್ತಿರ್ಲಿಲ್ವಾ," ಎಂದ ಪಕ್ಕದ ಮನೆಯ ಟೈಲರ್. ಡೇರಿಯ ಯಜಮಾನ "ಅದೆಲ್ಲ ಈಗ್ಯಾಕೆ" ಎಂದು ವಾಚು ನೋಡಿಕೊಂಡ.

ಗೊತ್ತಿಲ್ಲದೆ ಹೋದಳು ಎಂದಾದರೆ ಹೇಗೋ ಸಹಿಸಿಕೊಂಡಾನು. ಗೊತ್ತಿದ್ದೂ ಮುಚ್ಚಿಟ್ಟಳು ಎಂದಾದರೆ, ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದ ತಾನು ಅವಳಿಗೆ ಏನಾಗಿದ್ದೆ? ಅದೇ ಅವನನ್ನು ಒಳಗಿಂದ ತಿನ್ನುತ್ತಿತ್ತು.

"ಎಲ್ಲಾನೂ ಹೊಟ್ಟೆಗೆ ಹಾಕ್ಕೊಳ್ಳೋರು ಪಾಪ," ಎಂದಳು ಹೊರಗೆ ಬಂದ ನಾದಿನಿ. ಆಡಿದ ಮೇಲೆ ಆ ಮಾತಿನಿಂದ ಅವಳಿಗೇ ಕಸಿವಿಸಿಯಾಯಿತು.

*

ಹೋದ ಬೇಸಿಗೆಯ ಒಂದು ಮಧ್ಯಾಹ್ನ ಹೆಂಡತಿ ಅವನ ಗೋದಾಮಿಗೆ ಬಂದಿದ್ದಳು. ಕೆಲಸದ ಹೊತ್ತಿನಲ್ಲಿ ಎಂದೂ ಬಂದವಳಲ್ಲ. ಬಾಗಿಲಲ್ಲಿ ನಿಂತವಳು ಬಾಯಿ ತೆರೆಯುವ ಮೊದಲೇ ಅವನು ಅವಳ ಕೈ ಹಿಡಿದು ಮೂಟೆ ತೂಗುವ ಯಂತ್ರದ ಮೇಲೆ ಹತ್ತಿಸಿದ. ಹಮಾಲರು ಸುತ್ತ ನೆರೆದರು. ಮುಳ್ಳು ಹಿಂದೊಮ್ಮೆ ರಜೆಯ ದಿನ ತೂಗಿದ್ದಕ್ಕಿಂತ ಮುಂದೆ ಹೋಗಿ ನಿಂತಿತು.

"ನೋಡ್ರೋ! ಡೇರಿ ಹಾಲು ಕರುಗಳಿಗೆ ಹೋಗ್ತಾನೇ ಇಲ್ಲ!"

ಎಲ್ಲರೂ ನಕ್ಕರು. ಮದುವೆಯಾದಾಗಿನಿಂದ ಕಡ್ಡಿಯಂತಿದ್ದ ಹೆಂಡತಿಗೆ ಕೊನೆಗೂ ಮೈ ಬಂತೆಂದು ಅವನಿಗೆ ಹಿಡಿಸಲಾರದಷ್ಟು ಸಂತೋಷ. ಎಲ್ಲರಿಗೂ ಚಹಾ ತರಿಸಿದ. ಆಮೇಲೆ ನೆನಪಾಗಿ, "ಏನು ಇಷ್ಟು ದೂರ ಬಂದೆ?" ಎಂದು ಕೇಳಿದ.

"ಏನಿಲ್ಲ, ಹೀಗೇ ಬಂದೆ," ಎಂದಳು ಅವಳು. ಲೋಟ ತೊಳೆದಿಟ್ಟು ಹೊರಟುಹೋದಳು.

*

ಮಣ್ಣು ಮಾಡಿ ಬರುವಾಗ ಹೊತ್ತು ಇಳಿದಿತ್ತು. ಜೊತೆಗಾರ್ತಿ ಚಪ್ಪಲಿ ಮೆಟ್ಟಿದಳು. ಕರುಗಳಿಗೆ ಹಾಲಿನ ಹೊತ್ತು. ಯಾರ ಮನೆಯ ಸಾವಾದರೂ ಅವುಗಳ ಹಸಿವು ಕಾಯುವುದಿಲ್ಲ.

"ನಾನೂ ಬರ್ತೀನಿ," ಎಂದ ಗಂಡ. ತಡೆಯುವ ತ್ರಾಣ ಯಾರಲ್ಲೂ ಉಳಿದಿರಲಿಲ್ಲ.

ಕೊಟ್ಟಿಗೆಯಲ್ಲಿ ಒಂದು ಕಂದು ಕರು ಅಡ್ಡಗಂಬಿಯತ್ತ ಬಂತು. "ದುಂಡಗಿದೆ," ಎಂದ ಅವನು, ಏನಾದರೂ ಆಡಬೇಕೆಂದು.

"ದುಂಡಗೆ ಎಲ್ಲಿ ಬಂತು ಭಾವ. ಅಕ್ಕ ಹಾಸಿಗೆ ಹಿಡಿದ ಮೇಲೆ ಇದಕ್ಕೆ ಹಾಲು ಕಮ್ಮಿ ಮಾಡಿ ಒಣಹುಲ್ಲು ತುರುಕಿದ್ರು. ಎಳೇದು, ಹುಲ್ಲು ಅರಗಲ್ಲ. ಹೊಟ್ಟೆ ಉಬ್ಬುತ್ತೆ, ಮೈ ಕರಗುತ್ತೆ. ಇಲ್ಲಿ ಮುಟ್ಟಿ." ಅವನ ಕೈಯನ್ನು ಕರುವಿನ ಬೆನ್ನ ಮೇಲಿಟ್ಟಳು. ಕೂದಲ ಕೆಳಗೆ ಮೂಳೆಗಳು ಒಂದೊಂದಾಗಿ ಬೆರಳಿಗೆ ತಾಗಿದವು. "ಹೊಟ್ಟೆ ನೋಡ್ಬೇಡಿ, ಬೆನ್ನು ಮುಟ್ಟಿ ನೋಡಿ ಅಂತ ಅಕ್ಕ ಎಲ್ಲರ ಹತ್ರಾನೂ ಬಡ್ಕೋತಿದ್ರು."

ಅವನು ಕೈ ತೆಗೆಯಲಿಲ್ಲ.

"ಹಾಗಾದ್ರೆ ಅವಳಿಗೆ ಗೊತ್ತಿತ್ತು."

ಜೊತೆಗಾರ್ತಿ ಬಕೆಟ್ಟಿಗೆ ಹಾಲು ಸುರಿಯುತ್ತಲೇ ಇದ್ದಳು. ಸುಳ್ಳು ಹೇಳುವುದಕ್ಕೂ ಮೈಯಲ್ಲಿ ಶಕ್ತಿ ಬೇಕು. ಇವತ್ತು ಅವಳಲ್ಲಿ ಅದು ಇರಲಿಲ್ಲ.

"ಗೊತ್ತಿತ್ತು ಭಾವ. ಬಟ್ಟೆ ಬದಲಾಯಿಸೋವಾಗ ಒಂದಿನ ನನ್ನ ಕೈ ತಗೊಂಡು ಬೆನ್ನ ಮೇಲೆ ಇಟ್ಕೊಂಡ್ರು. 'ನಾನು ಕರು ಆಗಿದ್ರೆ ಏನಂತಿದ್ದೆ ಹೇಳು' ಅಂದ್ರು."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳೋಕೇ ಅವತ್ತು ಅರ್ಧ ದಿನ ರಜ ಹಾಕಿ ಗೋದಾಮಿಗೆ ಬಂದಿದ್ದು. ನೀವು ಎಲ್ರಿಗೂ ಚಹಾ ಕೊಡಿಸಿದ್ರಂತೆ. 'ಅವರು ಅಷ್ಟು ಖುಷಿಯಾಗಿದ್ದು ನಾನು ನೋಡೇ ಇರ್ಲಿಲ್ಲ ಕಣೆ, ಇವತ್ತೊಂದಿನ ಹಾಗೇ ಇರ್ಲಿ ಅಂತ ಬಂದ್ಬಿಟ್ಟೆ' ಅಂದ್ರು." ಅವಳು ಬಕೆಟ್ಟನ್ನು ಕರುವಿನ ಮುಂದೆ ಇಟ್ಟಳು. "ಆ ಒಂದಿನ ಮುಗೀಲೇ ಇಲ್ಲ ಭಾವ."

ಅವನು ಸಗಣಿಯ ನೆಲದಲ್ಲೇ ಕುಕ್ಕರಿಸಿದ. ಬೆಳಗಿನಿಂದ ಬಾರದ ಅಳು ಈಗ ಬಂತು. ದನಿ ತೆಗೆದು ಅತ್ತ. ಜೊತೆಗಾರ್ತಿ ಮುಂದಿನ ಕರುವಿನತ್ತ ನಡೆದಳು.

ಕಂದು ಕರು ಬಕೆಟ್ಟನ್ನು ಬರಿದು ಮಾಡಿ, ಇನ್ನೂ ಸಿಕ್ಕೀತೆಂದು ಅವನ ಬೆರಳುಗಳನ್ನೇ ಬಾಯಿಗೆ ತೆಗೆದುಕೊಂಡಿತು. ಆ ಕೈಯನ್ನು ಅದಕ್ಕೇ ಬಿಟ್ಟು, ಇನ್ನೊಂದು ಕೈಯಿಂದ ಅವನು ಅದರ ಬೆನ್ನನ್ನು ಕತ್ತಿನಿಂದ ಬಾಲದ ಬುಡದವರೆಗೂ ಮುಟ್ಟುತ್ತಾ ಹೋದ. ಬಾಲದ ಬುಡ ಮುಟ್ಟಿದ ಮೇಲೆ ಮತ್ತೆ ಕತ್ತಿನಿಂದ.